ಇಂದಿನ ಧಮ್ಮ ಚಿಂತನೆ: ನಿಮ್ಮ ಹವ್ಯಾಸ ಏನು?



ದಸರಾ ರಜೆಯ ಹಿಂದಿನ ದಿನ ನಮ್ಮ ಆಫೀಸಿನಲ್ಲಿ ಆಯುಧಪೂಜೆ ಮುಗಿದ ಮೇಲೆ ಟೀ ಪಾರ್ಟಿ ಇತ್ತು. ಪೂಜೆಗೆ ನಾನು ನಿಲ್ಲುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಟೀಗೆ ಹೋದೆ. ಕಡ್ಲೆಪುರಿ, ಮೈಸೂರು ಪಾಕ್, ಪೇಪರ್ ಲೋಟದಲ್ಲಿ ಟೀ. ಮ್ಯಾನೇಜರ್ ಸಾಹೇಬರು, "ಇವತ್ತು ಫೈಲಿನ ಮಾತು ಬೇಡ, ಒಬ್ಬೊಬ್ಬರಾಗಿ ನಿಮ್ಮ ಹವ್ಯಾಸ ಹೇಳಿ" ಅಂದರು.

ಒಬ್ಬ ಮೇಡಂ ವೀಣೆ ನುಡಿಸುತ್ತಾರಂತೆ, ಅದು ಅವರ ಅಜ್ಜಿಯ ವೀಣೆ. ಪಕ್ಕದ ಟೇಬಲಿನವರು ಅಂಚೆಚೀಟಿ ಕೂಡಿಸುತ್ತಾರೆ, ಅವರ ತಾತ ಶುರು ಮಾಡಿದ್ದು. ಹವ್ಯಾಸದ ಜೊತೆಗೆ ಎಲ್ಲರ ಮನೆತನವೂ ಹೊರಗೆ ಬರುತ್ತಿತ್ತು.

ನನ್ನ ಸರದಿ ಬಂತು. ನನಗಿರುವ ಹವ್ಯಾಸ ಒಂದೇ, ತಮಟೆ. ಭಾನುವಾರ ನಮ್ಮ ಕೇರಿಯ ಹುಡುಗರಿಗೆ ಹೇಳಿಕೊಡುತ್ತೇನೆ. ಏಪ್ರಿಲ್ 14ರ ಮೆರವಣಿಗೆಯಲ್ಲಿ ಬಾರಿಸುತ್ತೇನೆ. ಆದರೆ ನನ್ನ ಬಾಯಿಂದ ಬಂದದ್ದು, "ಹಾಡು ಕೇಳ್ತೀನಿ ಸಾರ್, ಅಷ್ಟೇ."

ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂದಾಗ ಹೆಮ್ಮೆಯಿಂದ ಸ್ಟೇಟಸ್ ಹಾಕಿದ್ದವನು ನಾನು. ಆಫೀಸಿನವರಿಗೆ ಕಾಣದಂತೆ ಹಾಕಿದ್ದೆ ಅನ್ನುವುದು ಆ ರಾತ್ರಿ ನೆನಪಾಯಿತು. ನಾಲ್ಕನೆಯ ಶೀಲ ಮುರಿದೆನಾ?

ನಮ್ಮ ಅಧ್ಯಯನ ಬಳಗದ ಹಿರಿಯ ಉಪಾಸಿಕೆಯೊಬ್ಬರನ್ನು ಕೇಳಿದೆ. "ನೀನು ಹಾಡು ಕೇಳಲ್ವೇನಪ್ಪ? ಮತ್ತೆ ಅದು ಸುಳ್ಳು ಹೆಂಗಾಯ್ತು? ಜಾತಿ ಮೂಸಿ ನೋಡೋರ ಮುಂದೆ ಎಲ್ಲಾ ಬಿಚ್ಚಿಡು ಅಂತ ಯಾವ ಶೀಲನೂ ಹೇಳಿಲ್ಲ" ಅಂದರು. ಅವರ ಮಾತಿನಲ್ಲಿ ಅನುಭವವಿದೆ. ನಿಜ ಹೇಳಿ ಬಾಡಿಗೆ ಮನೆ ಕಳೆದುಕೊಂಡವರು ನಮ್ಮಲ್ಲಿ ಎಷ್ಟು ಜನ! ಸತ್ಯವಾದ, ಹಿತವಾದ ಮಾತನ್ನೂ ತಥಾಗತ ಕಾಲ ನೋಡಿ ಆಡುತ್ತಾನೆ ಎಂದು ಭಗವಾನ್ ಬುದ್ಧರು ಅಭಯ ರಾಜಕುಮಾರನಿಗೆ ತಿಳಿಸಿದ್ದಾರೆ. ಸುಮ್ಮನಿರುವುದು ಸುಳ್ಳಲ್ಲ.

ಆದರೆ ಅದೇ ಭಗವಾನರು ರಾಹುಲನಿಗೆ ಇನ್ನೊಂದು ಪಾಠವನ್ನೂ ಹೇಳಿದ್ದಾರೆ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ಹಾಗೆ, ಪ್ರತಿ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ ಎಂದು. ನೋಡಿಕೊಂಡೆ. ನನ್ನ ಕೆಲಸಕ್ಕೆ ಅಪಾಯ ಇರಲಿಲ್ಲ. ನಾನು ಜೈ ಭೀಮ್‌ನವನು ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಬಚ್ಚಿಟ್ಟದ್ದು ಭಯಕ್ಕಲ್ಲ, ನಾಚಿಕೆಗೆ.

ಆ ನಾಚಿಕೆ ಎಲ್ಲಿಂದ ಬಂತು? ಊರಲ್ಲಿ ಯಾರು ಸತ್ತರೂ ನಡುರಾತ್ರಿ ನಮ್ಮಪ್ಪನಿಗೆ ಕರೆ ಬರುತ್ತಿತ್ತು. ಜ್ವರ ಇದ್ದರೂ ಹೋಗಬೇಕು. ಸುಗ್ಗಿಯಲ್ಲಿ ಒಂದು ಮೊರ ರಾಗಿ ಕೊಟ್ಟರೆ ವರ್ಷದ ಲೆಕ್ಕ ಮುಗಿಯಿತು. "ಬರಲ್ಲ" ಅನ್ನುವ ಮಾತು ಅಪ್ಪನಿಗೆ ಇರಲಿಲ್ಲ. ಇಂಥದೇ ಹುಟ್ಟಿನ ಚಾಕರಿಯಿಂದ ಮಹಾರರನ್ನು ಬಿಡಿಸಲು ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವತನ ಕಾಯ್ದೆಯ ತಿದ್ದುಪಡಿ ಮಸೂದೆ ಮಂಡಿಸಿದರು. ಅದೇ ಬಾಬಾಸಾಹೇಬರು ತಮ್ಮ ಇಷ್ಟಕ್ಕೆ ಪಿಟೀಲು ಕಲಿತರು. ಚಾಕರಿಗೂ ಹವ್ಯಾಸಕ್ಕೂ ಇರುವ ಅಂತರ ಇಲ್ಲೇ ಇದೆ. ಬೇಡ ಅನ್ನಿಸಿದಾಗ ಕೆಳಗಿಡಬಹುದಾದದ್ದು ಹವ್ಯಾಸ. ಅಪ್ಪನಿಗೆ ತಮಟೆ ಕೆಳಗಿಡುವ ಹಕ್ಕು ಇರಲಿಲ್ಲ. ನನಗಿದೆ.

ತಮಟೆಯನ್ನು ಸುಟ್ಟುಹಾಕಬೇಕು ಅನ್ನುವವರೂ ನಮ್ಮಲ್ಲಿದ್ದಾರೆ. ಆ ಸದ್ದಿನಲ್ಲಿ ಅವರಿಗೆ ಅಪ್ಪನ ಅವಮಾನವೇ ಕೇಳಿಸುತ್ತದೆ. ಅವರ ನೋವು ನಿಜ, ಅವರಿಗೆ ನಾನು ಎದುರಾಡುವುದಿಲ್ಲ. ಆದರೆ ಅವಮಾನ ಮಾಡಿದ್ದು ಚರ್ಮವೂ ಅಲ್ಲ, ಕೋಲೂ ಅಲ್ಲ. "ನೀನು ಬಾರಿಸಲೇಬೇಕು" ಅಂದ ಬಾಯಿ. ನಾನು ನಾಚಿಕೊಂಡರೆ ಆ ಬಾಯಿಗೆ ಹೌದು ಅಂದ ಹಾಗೆ. 1956ರ ಅಕ್ಟೋಬರ್ 14, ವಿಜಯದಶಮಿಯ ದಿನ ನಾಗಪುರದಲ್ಲಿ ನಮ್ಮ ಹಿರಿಯರು ಹುಟ್ಟು ಹೊರಿಸಿದ್ದನ್ನು ಇಳಿಸಿ, ತಾವೇ ಆರಿಸಿಕೊಂಡದ್ದನ್ನು ಹಿಡಿದರು. ಆರಿಸಿಕೊಂಡದ್ದನ್ನು ಹೇಳಿಕೊಳ್ಳಲು ನಾನೇಕೆ ಅಂಜಬೇಕು?

ರಜೆ ಮುಗಿದ ಮೇಲೆ ಊಟದ ಹೊತ್ತಿಗೆ ಅಂಚೆಚೀಟಿಯವರು, "ಯಾವ ಥರದ ಹಾಡು ಕೇಳ್ತೀರಿ?" ಅಂದರು.

"ಅವತ್ತು ಪೂರ್ತಿ ಹೇಳಲಿಲ್ಲ ಸಾರ್. ನಾನು ತಮಟೆ ಬಾರಿಸ್ತೀನಿ."

"ಸಾವಿಗೆ ಬಾರಿಸ್ತಾರಲ್ಲ, ಅದಾ?"

"ಹೌದು. ನಮ್ಮಪ್ಪ ಸಾವಿಗೆ ಬಾರಿಸ್ತಿದ್ರು, ಊರಿನ ಬಲವಂತಕ್ಕೆ. ನಾನು ನನ್ನ ಖುಷಿಗೆ ಬಾರಿಸ್ತೀನಿ."

ಅವರು ಏನೂ ಹೇಳಲಿಲ್ಲ, ಡಬ್ಬಿ ಬಿಚ್ಚಿ ಊಟ ಮಾಡಿದರು. ಮಾರನೆಯ ದಿನವೂ ಅದೇ ಟೇಬಲಿಗೆ ಬಂದು ಕೂತರು. ಅವರ ಮನಸ್ಸಿನಲ್ಲಿ ಏನಿದೆಯೋ ನನಗೆ ತಿಳಿಯದು. ನನ್ನ ಎದೆ ಮಾತ್ರ ಹಗುರಾಗಿತ್ತು.

ಬಂಧುಗಳೇ, ಎಲ್ಲರೂ ಎಲ್ಲ ಕಡೆ ಹೇಳಲೇಬೇಕು ಎಂದು ನಾನು ಹೇಳುತ್ತಿಲ್ಲ. ಎಲ್ಲಿ ಅಪಾಯವಿದೆಯೋ ಅಲ್ಲಿ ಮೌನವೇ ಜಾಣತನ. ಇಂದು ಒಂದು ಸಲ ನೋಡಿಕೊಳ್ಳೋಣ: ನಾನು ಬಚ್ಚಿಡುತ್ತಿರುವುದು ಭಯಕ್ಕೋ, ನಾಚಿಕೆಗೋ? ಭಯವಾದರೆ ಜೊತೆಗೆ ನಿಲ್ಲಲು ಬಳಗವಿದೆ. ನಾಚಿಕೆಯಾದರೆ, ಅದು ನಮ್ಮದಲ್ಲ. ಹೊರಿಸಿದವರದು.

ನಮೋ ಬುದ್ಧಾಯ. ಜೈ ಭೀಮ್.