ಚೆಲುವರಾಯನ ಪಾದದ ಬಳಿ ಇರುವವಳು

ಮೇಲುಕೋಟೆಯ ಕಥೆಗೆ ರಾಮಾನುಜಾಚಾರ್ಯರೇ ನಾಯಕರು. ಆದರೆ ಪಾಂಡವಪುರದ ನಮ್ಮ ಮನೆಯಲ್ಲಿ ಆ ಕಥೆ ಬಂದಾಗ ಅವ್ವ ಕಣ್ಣೊರೆಸಿಕೊಳ್ಳುತ್ತಿದ್ದದ್ದು ಆಚಾರ್ಯರಿಗಾಗಿ ಅಲ್ಲ. ‘ಆಡ್ಕೊಂಡಿದ್ದ ಮಗೀನ ಬೊಂಬೆ ಕಿತ್ಕೊಂಡು ಬಂದ್ರಲ್ಲಪ್ಪಾ, ಇದು ನ್ಯಾಯವಾ?’ ಎನ್ನುತ್ತಿದ್ದಳು. ಅವ್ವನಿಗೆ ವಿಶಿಷ್ಟಾದ್ವೈತ ಗೊತ್ತಿರಲಿಲ್ಲ. ಗೊತ್ತಿದ್ದವರು ಅವಳ ಪ್ರಶ್ನೆಗೆ ಉತ್ತರ ಕೊಟ್ಟದ್ದನ್ನೂ ನಾನು ಕೇಳಲಿಲ್ಲ.

ಕಥೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಮೇಲುಕೋಟೆಯ ದೇವರು ಚೆಲುವರಾಯನ ಉತ್ಸವಮೂರ್ತಿ ದೆಹಲಿ ಬಾದಶಹನ ಅರಮನೆ ಸೇರಿತ್ತು. ಅವನ ಮಗಳು ಅದನ್ನು ಬೊಂಬೆ ಮಾಡಿಕೊಂಡು ಆಡುತ್ತಿದ್ದಳು. ಆಚಾರ್ಯರು ‘ಚೆಲ್ವಪಿಳ್ಳೆ’ ಎಂದು ಕರೆದರು, ದೇವರು ನಡೆದುಬಂದು ತೊಡೆಯೇರಿದ. ಹುಡುಗಿ ಅಗಲಿಕೆ ತಾಳಲಾರದೆ ಹಿಂದೆಯೇ ಬಂದು ಅವನಲ್ಲೇ ಐಕ್ಯವಾದಳು. ಅವಳೇ ಬೀಬಿ ನಾಚಿಯಾರ್. ಇಂದಿಗೂ ಚೆಲುವರಾಯನ ಪಾದದ ಬಳಿ ಅವಳ ಪುಟ್ಟ ಮೂರ್ತಿ ಇದೆ. ಶ್ರೀರಂಗದಲ್ಲಿಯೂ ಇಂಥವಳೊಬ್ಬಳಿದ್ದಾಳೆ, ಅವಳ ನೆನಪಿಗೆ ಅಲ್ಲಿ ರಂಗನಾಥನಿಗೆ ರೊಟ್ಟಿಯ ನೈವೇದ್ಯ.

ಚರಿತ್ರೆ ಇದನ್ನು ಒಪ್ಪುವುದಿಲ್ಲ. ಸಂಪ್ರದಾಯದ ಲೆಕ್ಕದಲ್ಲಿ ರಾಮಾನುಜರ ಕಾಲ 1017ರಿಂದ 1137. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ. ಅಂದರೆ ಈ ಹುಡುಗಿಯನ್ನು ಆಮೇಲೆ ಯಾರೋ ಬೇಕೆಂದೇ ಕಥೆಯೊಳಗೆ ಕರೆತಂದರು. ಯಾಕೆ ಬೇಕಾಯಿತು? ನನಗೆ ಆಸಕ್ತಿ ಇರುವುದು ಇದರಲ್ಲೇ.

ರಾಮಾನುಜರ ಸಿದ್ಧಾಂತದಲ್ಲಿ ಭಗವಂತ ಶೇಷಿ, ಜೀವರೆಲ್ಲ ಶೇಷರು. ಅವನಿಗಾಗಿ ಇರುವುದೇ ಜೀವದ ಸ್ವರೂಪ. ಹಾಗೆ ನೋಡಿದರೆ ನಾವೆಲ್ಲ ಪೋಷಕ ಪಾತ್ರಗಳೇ, ಆಚಾರ್ಯರೂ ಸೇರಿ. ಅವರನ್ನು ಆದಿಶೇಷನ ಅವತಾರ ಎನ್ನುತ್ತಾರೆ. ಶ್ರೀರಂಗಪಟ್ಟಣದಲ್ಲಿ ರಂಗನಾಥ ಪವಡಿಸಿರುವುದು ಆ ಶೇಷನ ಮೇಲೆಯೇ. (ಹಾಸಿಗೆ ಎದ್ದು ಹೊರಟರೆ ಸ್ವಾಮಿ ಮಲಗುವುದೆಲ್ಲಿ?) ಇದೇ ಸಂಪ್ರದಾಯ ದೇವರಿಗೆ ಎರಡು ಗುಣ ಹೇಳುತ್ತದೆ: ಪರತ್ವ ಮತ್ತು ಸೌಲಭ್ಯ. ಎಲ್ಲಕ್ಕೂ ಮೇಲಿನವನಾಗಿರಲು ಅವನಿಗೆ ಯಾರೂ ಬೇಕಾಗಿಲ್ಲ. ಸುಲಭನಾಗಿ ಸಿಕ್ಕಲು ಮಾತ್ರ ಇನ್ನೊಬ್ಬರು ಬೇಕು. ಅದೂ ಮಂತ್ರ, ಮಡಿ, ಕುಲ ಯಾವುದೂ ಇಲ್ಲದವರು. ಪಂಡಿತನಿಗೆ ದೇವರು ಸಿಕ್ಕಿದರೆ ಅದು ಓದಿನ ಫಲ ಅನ್ನಬಹುದು. ಬೊಂಬೆಯಾಟದ ತುರುಕರ ಹುಡುಗಿಗೆ ಸಿಕ್ಕಿದರೆ ಏನನ್ನುತ್ತೀರಿ? ಅವಳಿಲ್ಲದಿದ್ದರೆ ಸೌಲಭ್ಯ ಎಂಬುದು ಭಾಷ್ಯದಲ್ಲೇ ಉಳಿದುಬಿಡುತ್ತಿತ್ತು. ಅವ್ವನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟೇ: ಬೊಂಬೆ ಕಿತ್ತುಕೊಂಡದ್ದು ನ್ಯಾಯವಲ್ಲ, ಅದು ಗೊತ್ತಿದ್ದೇ ಕಥೆ ಅವಳನ್ನು ಪಾದದವರೆಗೆ ಕರೆತಂದಿತು.

ಆದರೆ ಕಥೆ ಕೊಟ್ಟದ್ದನ್ನು ಲೋಕ ಕೊಟ್ಟಿತೆಂದು ತಿಳಿಯಬಾರದು. ಇದೇ ಕಥೆಯಲ್ಲಿ ಇನ್ನೂ ಕೆಲವರಿದ್ದಾರೆ. ಮೂರ್ತಿಯನ್ನು ಹಿಂದಕ್ಕೆ ತರುವಾಗ ನೆರವಾದ ದಲಿತರನ್ನು ಆಚಾರ್ಯರು ‘ತಿರುಕುಲದವರು’, ಅಂದರೆ ಪವಿತ್ರ ಕುಲದವರು, ಎಂದು ಕರೆದರಂತೆ. ಹೆಸರು ದೊಡ್ಡದು. ಗುಡಿಯ ಬಾಗಿಲು ಮಾತ್ರ ಶತಮಾನಗಳ ಕಾಲ ಅವರಿಗೆ ವರ್ಷದಲ್ಲಿ ಕೆಲವೇ ದಿನ ತೆರೆಯುತ್ತಿತ್ತು. ಸಾಯುಜ್ಯ ಪಡೆದ ರಾಜಕುಮಾರಿಯನ್ನು ಒಳಗಿಟ್ಟುಕೊಳ್ಳುವುದು ಸುಲಭ. ಅವಳು ಬೆಳಿಗ್ಗೆ ಎದ್ದು ನೀರು ಸೇದಲು ಕಲ್ಯಾಣಿಗೆ ಬರುವುದಿಲ್ಲ. ಇವರು ಬರುತ್ತಾರೆ.

ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ನಾಗಮಂಗಲ, ಕೃಷ್ಣರಾಜಪೇಟೆ ಕಡೆಯಿಂದ ಹಳ್ಳಿ ಹಳ್ಳಿಗಳೇ ಎದ್ದು ಬರುತ್ತವೆ. ರಾತ್ರಿಯೆಲ್ಲ ಎಲ್ಲರ ಕಣ್ಣೂ ಚೆಲುವರಾಯನ ಕಿರೀಟದ ಮೇಲೆ. ಆ ಜನಕ್ಕೆ ಹರಿಕಥೆ ಹೇಳುವ ದಾಸರಲ್ಲಿ ನನ್ನದೊಂದು ವಿನಂತಿ: ಬೀಬಿ ನಾಚಿಯಾರಳ ಪ್ರಸಂಗವನ್ನು ಗಂಟೆಗಟ್ಟಲೆ ಹಾಡುತ್ತೀರಿ, ಸಂತೋಷ. ತಿರುಕುಲದವರನ್ನು ಒಂದೇ ಮಾತಿನಲ್ಲಿ ದಾಟಿಸಬೇಡಿ, ಅವರ ಪಾಲನ್ನೂ ಪೂರ್ತಿ ಹೇಳಿ.