ನೋವಿಗೆ ಪಾಲುದಾರರುಂಟೇ?

ಒಬ್ಬನು ಮಾಡಿದ ಕರ್ಮದ ಫಲವನ್ನು ಅವನೇ ಉಣ್ಣಬೇಕು, ಇನ್ನೊಬ್ಬನು ಅದರಲ್ಲಿ ಪಾಲು ಪಡೆಯಲಾರನು ಎಂಬುದು ಭಾರತದ ಬಹುತೇಕ ದರ್ಶನಗಳು ಒಪ್ಪಿಕೊಂಡು ಬಂದ ನಿಲುವು. ಮಾಡಿದ ಕರ್ಮ ಫಲ ಕೊಡದೆ ಅಳಿದರೆ ‘ಕೃತನಾಶ’ವೆಂಬ ದೋಷವೂ, ಮಾಡದ ಕರ್ಮದ ಫಲ ತಲೆಗೆ ಬಂದರೆ ‘ಅಕೃತಾಭ್ಯಾಗಮ’ವೆಂಬ ದೋಷವೂ ತಟ್ಟುತ್ತವೆ ಎಂದು ಶಾಸ್ತ್ರಕಾರರು ಹೇಳಿದ್ದು ಜನರ ನಾಲಗೆಯ ಮೇಲೆ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯಾಗಿ ನಿಂತಿದೆ. ಈ ನಿಲುವು ನಿಜವಾದರೆ, ನೊಂದ ಎಂಟು ಹತ್ತು ವಿದ್ಯಾರ್ಥಿಗಳು ಒಂದು ಕೋಣೆಯಲ್ಲಿ ಕೂತು ತಂತಮ್ಮ ನೋವನ್ನು ಹೇಳಿಕೊಂಡಾಗ ಅಲ್ಲಿ ಹಂಚಿಕೆಯಾಗುವುದಾದರೂ ಏನು ಎಂಬ ಪ್ರಶ್ನೆ ಏಳುತ್ತದೆ. ಅದು ಮನೋವೈದ್ಯಕ್ಕೆ ಸೇರಿದ್ದೆಷ್ಟೋ ಧರ್ಮಜಿಜ್ಞಾಸೆಗೆ ಸೇರಿದ್ದೂ ಅಷ್ಟೇ.

ಈ ಪ್ರಶ್ನೆಗೆ ಒಂದು ಊರನ್ನು ಎದುರಿಟ್ಟುಕೊಳ್ಳೋಣ. ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಸಾರಕ್ಕಿಗೂ ಯಲಚೇನಹಳ್ಳಿಗೂ ನಡುವೆ ಇರುವ ಜರಗನಹಳ್ಳಿ ಒಂದು ಕಾಲದಲ್ಲಿ ಹೆಸರಿಗೆ ತಕ್ಕ ಹಳ್ಳಿಯೇ ಆಗಿತ್ತು. ಇಂದು ಅದು ನಗರದ ಒಳಗಿದೆ, 2017ರಿಂದ ಅದರ ಆಚೀಚೆ ಮೆಟ್ರೊ ಓಡುತ್ತಿದೆ, ಕುಮಾರಸ್ವಾಮಿ ಬಡಾವಣೆಯ ಕಾಲೇಜುಗಳೂ ದೂರವಿಲ್ಲ. ಇಂತಹ ಕಡೆ ಪಿಜಿಗಳಲ್ಲಿ ಉಳಿದು ಓದುವವರ ಕಷ್ಟ ಬಹುಮಟ್ಟಿಗೆ ಒಂಟಿತನದ ಕಷ್ಟ: ಒಂದೇ ಕೋಣೆಯಲ್ಲಿ ಮೂರು ಮಂಚಗಳಿದ್ದರೂ ಮೂವರ ಕಿವಿಯಲ್ಲೂ ಇಯರ್‌ಫೋನ್ ಇರುತ್ತದೆ, ಪಕ್ಕದ ಮಂಚದವನಿಗೆ ಎಷ್ಟು ವಿಷಯ ‘ಬ್ಯಾಕ್’ ಉಳಿದಿವೆ ಎಂಬುದು ಗೊತ್ತಿರುವುದಿಲ್ಲ. ಇದಕ್ಕೆ ಮನೋವಿಜ್ಞಾನ ಎರಡು ದಾರಿಗಳನ್ನು ತೋರಿಸುತ್ತದೆ. ತರಬೇತಿ ಪಡೆದ ಚಿಕಿತ್ಸಕರು ನಡೆಸುವ ಕೂಟವು ‘ಗುಂಪು ಚಿಕಿತ್ಸೆ’. ಚಿಕಿತ್ಸಕರಿಲ್ಲದೆ, ಅದೇ ಕಷ್ಟವನ್ನು ಉಂಡವರೇ ಒಬ್ಬರಿಗೊಬ್ಬರು ಒದಗುವ ಕೂಟವು ‘ಸಮಾನಸ್ಕಂಧರ ಬೆಂಬಲ ಗುಂಪು’. ಮೊದಲನೆಯದರ ಚರಿತ್ರೆಯನ್ನು ಸಾಮಾನ್ಯವಾಗಿ 1905ರಲ್ಲಿ ಬಾಸ್ಟನ್ ನಗರದ ವೈದ್ಯ ಜೋಸೆಫ್ ಪ್ರ್ಯಾಟ್ ಬಡ ಕ್ಷಯರೋಗಿಗಳನ್ನು ಒಟ್ಟಿಗೆ ಕೂರಿಸಿ ನಡೆಸಿದ ತರಗತಿಗಳಿಂದ ಆರಂಭಿಸುವುದುಂಟು. ಆರೈಕೆಯ ಕ್ರಮ ತಿಳಿಸಲೆಂದು ಕರೆದ ಆ ರೋಗಿಗಳಿಗೆ ಪರಸ್ಪರರ ಸಹವಾಸವೇ ಆಸರೆಯಾಗಿ ಒದಗಿತು.

ಇಂತಹ ಕೂಟದ ಒಂದು ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಕುರ್ಚಿಗಳು ದುಂಡಗೆ ಇವೆ, ನಡುವೆ ಮೇಜಿಲ್ಲ. ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಕೇಳದೆ ಬುದ್ಧಿ ಹೇಳಬಾರದು ಎಂಬ ಎರಡು ಕಟ್ಟಳೆಗಳು ಎಲ್ಲರಿಗೂ ಗೊತ್ತು. ಎರಡು ವಾರದಿಂದ ಬಾಯಿಬಿಡದ ಒಬ್ಬ ಹುಡುಗ, ಭಾನುವಾರ ಅಪ್ಪನ ಫೋನ್ ಬಂದರೆ ಕೈ ನಡುಗುತ್ತದೆ, ಫೇಲಾದದ್ದನ್ನು ಇನ್ನೂ ಮನೆಯಲ್ಲಿ ಹೇಳಿಲ್ಲ ಎನ್ನುತ್ತಾನೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಎದುರಿನ ಕುರ್ಚಿಯಿಂದ, ನೆಲ ನೋಡುತ್ತಲೇ, “ನಂದೂ ಅದೇ” ಎಂಬ ಎರಡು ಪದಗಳು ಬರುತ್ತವೆ. ಫೇಲಾದ ವಿಷಯ ಪಾಸಾಗಲಿಲ್ಲ, ಆದರೂ ಏನೋ ಬದಲಾಯಿತು. 1970ರಲ್ಲಿ ಗುಂಪು ಚಿಕಿತ್ಸೆಯ ಮೇಲೆ ಪ್ರಮಾಣಗ್ರಂಥ ಬರೆದ ಇರ್ವಿನ್ ಯಾಲೊಮ್, ತನ್ನ ಪಾಡು ತನಗೊಬ್ಬನಿಗೇ ಬಂದದ್ದಲ್ಲ ಎಂಬ ಈ ಅರಿವನ್ನು ‘ಸಾರ್ವತ್ರಿಕತೆ’ ಎಂದು ಕರೆದು, ಗುಣಪಡಿಸುವ ಅಂಶಗಳಲ್ಲಿ ಒಂದೆಂದು ಎಣಿಸಿದರು.

ಕನ್ನಡದ ಓದುಗರಿಗೆ ಈ ಅರಿವು ಇನ್ನೊಂದು ಹೆಸರಿನಿಂದ ಪರಿಚಿತ. ನಾಟಕದ ಶೋಕವು ಪಾತ್ರದ ಸ್ವಂತ ಶೋಕವಾಗಿ ಉಳಿಯದೆ, ನೋಡುವವನ ಸ್ವಂತದ್ದೂ ಆಗದೆ, ಒಡೆಯನಿಲ್ಲದ ಭಾವವಾಗುವುದನ್ನು ಭಟ್ಟನಾಯಕನು ‘ಸಾಧಾರಣೀಕರಣ’ ಎಂದನು, ಅಭಿನವಗುಪ್ತನು ಅದನ್ನು ಬೆಳೆಸಿದನು, ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಅದನ್ನು ಕನ್ನಡಕ್ಕೆ ತಿಳಿಯಾಗಿ ತಂದಿತು. ಆದರೆ ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ, ಒಂದು ಕಡೆ ತಿರುಗಿಬೀಳುತ್ತದೆ. ಅಭಿನವಗುಪ್ತನು ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳುವಾಗ, ತನ್ನದೇ ಸುಖದುಃಖಗಳ ವಶವಾಗಿರುವುದನ್ನೂ ಅವುಗಳಲ್ಲಿ ಒಂದಾಗಿ ಎಣಿಸುತ್ತಾನೆ. ಅಂತಹವನು ರಂಗದ ಮುಂದೆ ಕುಳಿತರೂ ಅವನಿಗೆ ಏನೂ ಕಾಣುವುದಿಲ್ಲ. ಗುಂಪಿನಲ್ಲಾದರೋ ಸ್ವಂತ ದುಃಖವೇ ಕೇಳುವ ಅರ್ಹತೆ. ನೊಂದವನೇ ಅಲ್ಲಿ ಸಹೃದಯ. ಜೊತೆಗೆ, ತೆರೆ ಬಿದ್ದ ಮೇಲೆ ಪ್ರೇಕ್ಷಕನಿಗೆ ಪಾತ್ರದ ಹೊಣೆಯಿಲ್ಲ, ಆದರೆ “ನಂದೂ ಅದೇ” ಎಂದವನು ಮುಂದಿನ ವಾರವೂ ಬರಬೇಕು. ರಸವಿಚಾರ ಕೊನೆಗೊಂಡು ಧರ್ಮವಿಚಾರ ಮೊದಲಾಗುವುದು ಇಲ್ಲಿಯೇ.

ಕರ್ಮದ ವೈಯಕ್ತಿಕತೆಯನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದ ಜೈನದರ್ಶನವೇ ಇಲ್ಲಿ ದಾರಿ ತೋರಿಸುತ್ತದೆಂಬುದು ಗಮನಾರ್ಹ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಐದನೆಯ ಅಧ್ಯಾಯವು, ಪ್ರತಿ ಜೀವವೂ ತನ್ನ ಕರ್ಮವನ್ನು ತಾನೇ ಕಳೆಯಬೇಕೆಂಬ ಸಿದ್ಧಾಂತವನ್ನು ಬಿಡದೆ, ಒಂದಕ್ಕೊಂದು ಉಪಕಾರವಾಗಿರುವುದನ್ನು ಜೀವಗಳ ಕಾರ್ಯವೆಂದೇ ಹೇಳುತ್ತದೆ. ಇದರಿಂದ ಒಂದು ಭೇದವನ್ನು ಮಾಡಿಕೊಳ್ಳಬಹುದು: ಫಲ ಹಂಚಿಕೆಯಾಗದು, ಆದರೆ ಅದನ್ನು ಹೊರುವ ಒಂಟಿತನ ಹಂಚಿಕೆಯಾಗುತ್ತದೆ. ‘ನಿನ್ನ ಕರ್ಮ’ ಎಂದು ನೊಂದವನ ಮುಖಕ್ಕೆ ಹೇಳುವುದು ಸಿದ್ಧಾಂತವನ್ನು ಅರ್ಥಮಾಡಿಕೊಂಡವರ ಮಾತಲ್ಲ. ಅದು ಬಾಗಿಲು ಮುಚ್ಚುವ ಸದ್ದು.

ಆದರೆ ಸಾಧಾರಣೀಕರಣಕ್ಕೂ ಒಂದು ಅಪಾಯವಿದೆ. ಜಾತಿಯ ಕಾರಣಕ್ಕೆ ಹಾಸ್ಟೆಲಿನಲ್ಲಿ ಅವಮಾನ ಉಂಡ ವಿದ್ಯಾರ್ಥಿಯೊಬ್ಬ ಮಾತಾಡಿದಾಗ ‘ಎಲ್ಲರಿಗೂ ಕಷ್ಟ ಇದ್ದದ್ದೇ’ ಎಂದರೆ ಅವನ ನೋವಿನ ಒಡೆತನದ ಜೊತೆಗೆ ಅದರ ಕಾರಣವೂ ಅಳಿಸಿಹೋಗುತ್ತದೆ, ಅನ್ಯಾಯ ಮಾಡಿದವರು ಲೆಕ್ಕದಿಂದ ಪಾರಾಗುತ್ತಾರೆ. ಹೆಸರು ಬಿಡಬಹುದಾದ ನೋವುಗಳಿವೆ, ಹೆಸರಿಟ್ಟೇ ಹೇಳಬೇಕಾದ ನೋವುಗಳೂ ಇವೆ. ಒಳ್ಳೆಯ ಗುಂಪು ಈ ವ್ಯತ್ಯಾಸ ಬಲ್ಲದ್ದು. ಹಾಗೆಯೇ, ಜೀವ ಕಳೆದುಕೊಳ್ಳುವ ಮಾತು ಯಾರ ಬಾಯಿಂದ ಬಂದರೂ ಗುಟ್ಟಿನ ಕಟ್ಟಳೆ ಅಲ್ಲಿಗೆ ಮುಗಿಯುತ್ತದೆ. ಆಗ ಬಿಟಿಎಂ ಬಡಾವಣೆಯಲ್ಲಿರುವ ನಿಮ್ಹಾನ್ಸ್‌ನ ಯೋಗಕ್ಷೇಮ ಕೇಂದ್ರಕ್ಕೋ, ಹತ್ತಿರದ ವೈದ್ಯರಿಗೋ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೋ ತಿಳಿಸಲೇಬೇಕು, ಆ ವಿದ್ಯಾರ್ಥಿಯನ್ನು ಒಬ್ಬನೇ ಬಿಡಬಾರದು.

ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೋತಮಿಗೆ ಬುದ್ಧನು ಸಾವೇ ಕಾಣದ ಮನೆಯಿಂದ ಸಾಸಿವೆ ತರಲು ಹೇಳಿದ ಕಥೆಯನ್ನು ಸಾಮಾನ್ಯವಾಗಿ ಅನಿತ್ಯತೆಯ ಬೋಧನೆಯೆಂದು ಓದುತ್ತಾರೆ. ಆದರೆ ಬುದ್ಧನು ಅವಳಿಗೆ ಮೊದಲು ಬೋಧಿಸಲಿಲ್ಲ, ನೆರೆಹೊರೆಯ ಬಾಗಿಲುಗಳಿಗೆ ಕಳಿಸಿದನು; ಸಾಸಿವೆ ಪ್ರತಿ ಮನೆಯಲ್ಲೂ ಇತ್ತು, ಅದನ್ನು ಕೊಡಲು ಬಂದವರು ತಮ್ಮ ಮನೆಯಲ್ಲಿ ಸತ್ತವರನ್ನು ನೆನೆದರು, ಕೊನೆಗೆ ಮಗುವನ್ನು ಕೆಳಗಿಳಿಸಿದವಳು ಅವಳೇ. ಜರಗನಹಳ್ಳಿಯ ಪಿಜಿಯೊಂದರ ಉದ್ದನೆಯ ಓಣಿಯಲ್ಲೂ ಅಷ್ಟೇ ಬಾಗಿಲುಗಳಿವೆ.