ಲೆಕ್ಕ ಸರಿಯಾಗಿದೆ, ಹಾಲು ಎಲ್ಲಿ?

ಲೆಕ್ಕದ ಪುಸ್ತಕದಲ್ಲಿ ಇಲ್ಲದ್ದು ನಡೆದೇ ಇಲ್ಲ ಎನ್ನಬಹುದೇ? ಪ್ರಶ್ನೆ ಹಳೆಯದು. ಅದರ ಹೊಸ ರೂಪ ನನಗೆ ಸಿಕ್ಕಿದ್ದು ಹಾಲಿನ ಡೇರಿಯಲ್ಲಿ.

ಕುರುಡುಮಲೆಯ ಆಸುಪಾಸಿನ ಹಳ್ಳಿಗಳಲ್ಲಿ ಬೆಳಿಗ್ಗೆ ಡೇರಿ ಮುಂದೆ ಸಾಲು ನಿಂತಿರುತ್ತದೆ. ಹಾಲು ತೂಗಿ, ಫ್ಯಾಟು, ಡಿಗ್ರಿ ನೋಡಿ, ಕ್ಯಾನಿಗೆ ಸುರಿದು, ಚೀಟಿ ಹರಿದು ಕೊಡುವಷ್ಟರಲ್ಲಿ ಕರೆಂಟ್ ಹೋಗುತ್ತದೆ. 1902ರಲ್ಲೇ ಶಿವನಸಮುದ್ರದಿಂದ ಚಿನ್ನದ ಗಣಿಗೆ ವಿದ್ಯುತ್ ತರಿಸಿಕೊಂಡ ಸೀಮೆ ನಮ್ಮದು ಎಂದು ಹೆಮ್ಮೆಪಡಲು ಅದು ಒಳ್ಳೆಯ ಹೊತ್ತಲ್ಲ. ಬ್ಯಾಟರಿ ಇದ್ದರೂ ಅದಕ್ಕೆ ವಯಸ್ಸಾಗಿರುತ್ತದೆ. ಎರಡು ನಿಮಿಷಕ್ಕೆ ಕರೆಂಟ್ ಮರಳಿದರೂ ಲೆಕ್ಕ ಇಡುವ ಪುಟ್ಟ ಯಂತ್ರ ಮಾತಾಡುವುದಿಲ್ಲ. ಒಂದು ದೀಪ ಮಾತ್ರ ಮಿಣುಕುತ್ತಿರುತ್ತದೆ. "ಏನಣ್ಣಾ, ಇನ್ನೂ ಆಗಲಿಲ್ವಾ?" ಎಂದರೆ ಸೆಕ್ರೆಟರಿಯ ಹತ್ತಿರ ಉತ್ತರವಿಲ್ಲ.

ಆಗ ಯಂತ್ರ ತನ್ನ ನೆನಪನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತಿರುತ್ತದೆ. ಅದರೊಳಗಿನ ಫ್ಲಾಶ್ ಮೆಮೊರಿ ಒಂದು ವಿಚಿತ್ರ ಸ್ಲೇಟು. ಅದರ ಮೇಲೆ ಬರೆಯಬಹುದು, ಆದರೆ ಬರೆದ ಒಂದಕ್ಷರವನ್ನು ತಿದ್ದಬೇಕೆಂದರೆ ಅದಿರುವ ಇಡೀ ಭಾಗವನ್ನೇ ಒರೆಸಬೇಕು. ಒರೆಸಿದಷ್ಟೂ ಸ್ಲೇಟು ಸವೆಯುತ್ತದೆ. ಹಾಗಾಗಿ ಹಳೆಯದನ್ನು ಇದ್ದಲ್ಲೇ ಬಿಟ್ಟು, ಹೊಸದನ್ನು ಬೇರೆ ಕಡೆ ಬರೆದು, ಇನ್ನು ಮುಂದೆ ಇದೇ ನಿಜ ಎಂದುಕೊಳ್ಳುವ ಉಪಾಯ ಬಂತು. ಸ್ವೀಡನ್ನಿನ ಆಕ್ಸಿಸ್ ಕಂಪನಿಯಲ್ಲಿ ಹುಟ್ಟಿದ ಜೆಎಫ್‌ಎಫ್‌ಎಸ್, ಅದನ್ನು ಡೇವಿಡ್ ವುಡ್‌ಹೌಸ್ 2001ರಲ್ಲಿ ಹೊಸದಾಗಿ ಬರೆದ ಜೆಎಫ್‌ಎಫ್‌ಎಸ್2, ಎರಡೂ ಈ ದಾರಿಯವು. ತೊಂದರೆ ಏನೆಂದರೆ, ಯಾವುದು ಹಳೆಯದು ಯಾವುದು ಹೊಸದು ಎಂದು ತಿಳಿಯಲು ಎದ್ದಾಗಲೆಲ್ಲ ಇಡೀ ಮೆಮೊರಿಯನ್ನು ಜಾಲಾಡಬೇಕು. ಮೆಮೊರಿ ದೊಡ್ಡದಾದಷ್ಟೂ ಕಾಯುವುದೂ ಹೆಚ್ಚು. 2008ರಲ್ಲಿ ಲಿನಕ್ಸ್‌ಗೆ ಸೇರಿದ ಯುಬಿಐಎಫ್‌ಎಸ್ ತನ್ನ ಪರಿವಿಡಿಯನ್ನೂ ಮೆಮೊರಿಯಲ್ಲೇ ಇಟ್ಟುಕೊಂಡು, ಕೊನೆಯ ಕೆಲವು ಬರಹಗಳನ್ನಷ್ಟೇ ಮತ್ತೆ ಓದಿ ಬೇಗ ಏಳುತ್ತದೆ.

ಎಂಜಿನಿಯರುಗಳ ಚರ್ಚೆ ಬಹುಪಾಲು ಈ ವೇಗದ ಸುತ್ತಲೇ. ನನಗೆ ಕಾಯುವುದು ಅಷ್ಟು ದೊಡ್ಡ ಅನ್ಯಾಯವಾಗಿ ಕಾಣುವುದಿಲ್ಲ. ಬಿದ್ದು ಎದ್ದವನು ಕೈಕಾಲು ಮುಟ್ಟಿ ನೋಡಿಕೊಳ್ಳಲಿ. ಆದರೆ ಅಷ್ಟು ಹೊತ್ತು ಕಾದು ಅದು ಏನನ್ನು ನೋಡಿಕೊಂಡಿತು? ತನ್ನ ಪುಸ್ತಕದ ಹೊಲಿಗೆ ಬಿಚ್ಚಿಲ್ಲವೇ, ಪುಟಗಳು ಸರಿಯಾಗಿ ಜೋಡಿಯಾಗಿವೆಯೇ ಎಂದಷ್ಟೇ. ಹಾಲು ಹಾಕುವ ಒಬ್ಬ ಹೆಂಗಸನ್ನು ನೆನೆಯಿರಿ. ಅವಳ ನಾಲ್ಕು ಲೀಟರ್ ಕ್ಯಾನಿಗೆ ಬಿದ್ದಾಗಿದೆ, ಬರಹ ಅರ್ಧವಾಗಿದೆ, ಕರೆಂಟ್ ಹೋಯಿತು. ಮತ್ತೆ ಎದ್ದ ಯಂತ್ರ ಆ ಅರ್ಧ ಬರಹದ ತಾಳೆ ಹೊಂದುವುದಿಲ್ಲವೆಂದು ಅದನ್ನು ಬದಿಗೊತ್ತುತ್ತದೆ. ಈಗ ಲೆಕ್ಕದಲ್ಲಿ ಒಂದೂ ವಿರೋಧವಿಲ್ಲ, ಎಲ್ಲ ಸರಿಯಿದೆ ಎಂದು ಅದು ಘೋಷಿಸುತ್ತದೆ. ಹಾಲು ಮಾತ್ರ ಕ್ಯಾನಿನಲ್ಲಿ ಎಲ್ಲರ ಹಾಲಿನ ಜೊತೆ ಬೆರೆತುಹೋಗಿದೆ. "ಮಿಷನ್‌ನಲ್ಲಿ ಇಲ್ಲ ಕಣಮ್ಮಾ" ಎಂಬ ಮಾತು ಇಲ್ಲಿಂದ ಶುರು.

ಕುರುಡುಮಲೆಯ ಸೋಮೇಶ್ವರ ದೇವಾಲಯವನ್ನು ಅರ್ಧ ಜಕಣಾಚಾರಿ, ಇನ್ನರ್ಧ ಅವನ ಮಗ ಡಂಕಣ ಕೆತ್ತಿದರೆಂದು ಜನ ಹೇಳುತ್ತಾರೆ. ಕಥೆ ನಿಜವಿರಲಿ ಬಿಡಲಿ, ಕಲ್ಲಿನಲ್ಲಿ ಉಳಿ ನಿಂತ ಜಾಗ ಉಳಿಯುತ್ತದೆ. ಅರ್ಧ ಕೆತ್ತಿದ ಕಲ್ಲು ತಾನು ಅರ್ಧವೆಂದು ನೂರಾರು ವರ್ಷ ಹೇಳುತ್ತಲೇ ಇರುತ್ತದೆ. ನಮ್ಮ ಯಂತ್ರ ತನ್ನ ಅರ್ಧವನ್ನು ಅಳಿಸಿ ಪೂರ್ಣವಾಗುತ್ತದೆ. ಒಳಗೆ ವಿರೋಧವಿಲ್ಲದಿರುವುದನ್ನು ನಾವು ಪ್ರಾಮಾಣಿಕತೆ ಎಂದು ಬೇಗ ಒಪ್ಪಿಬಿಡುತ್ತೇವೆ, ಮನುಷ್ಯರ ವಿಷಯದಲ್ಲೂ. ಬೇಡದ ನೆನಪನ್ನು ಕೈಬಿಟ್ಟವನ ಮಾತಿನಲ್ಲಿ ಎಲ್ಲಿಯೂ ತೊಡಕಿರುವುದಿಲ್ಲ.

ಯುನಿಕ್ಸ್ ಕಾಲದ ತಪಾಸಣೆ ಈ ವಿಷಯದಲ್ಲಿ ಸ್ವಲ್ಪ ಸಂಕೋಚವುಳ್ಳದ್ದು. ಯಾರದೆಂದು ತಿಳಿಯದ ಕಡತ ಸಿಕ್ಕರೆ ಅದಕ್ಕೊಂದು ಸಂಖ್ಯೆ ಕೊಟ್ಟು 'ಲಾಸ್ಟ್ ಪ್ಲಸ್ ಫೌಂಡ್' ಎಂಬ ಕೋಣೆಯಲ್ಲಿ ಇಡುತ್ತದೆ. ಹೆಸರು ಹೋಗಿದೆ, ವಸ್ತು ಇದೆ, ಬಂದು ಕೇಳಿ ಎಂದಂತೆ. ಡೇರಿಯ ಯಂತ್ರವೂ "ಇಷ್ಟು ಗಂಟೆಗೆ ಒಂದು ಬರಹ ಅರ್ಧಕ್ಕೆ ನಿಂತಿದೆ" ಎಂದು ಒಂದು ಸಾಲು ಮುದ್ರಿಸಬಹುದಲ್ಲ. ಆಗ ವಾದ ಶುರುವಾಗುವುದು ಅವಳ ಮಾತಿನ ಮೇಲಿನ ಅನುಮಾನದಿಂದಲ್ಲ, ಯಂತ್ರವೇ ಒಪ್ಪಿಕೊಂಡ ಒಂದು ಖಾಲಿ ಜಾಗದಿಂದ. ಸಾಲಿನಲ್ಲಿ ಅವಳ ಹಿಂದೆ ನಿಂತವರ ಸಾಕ್ಷಿಗೂ ಆಗ ಬೆಲೆ ಬರುತ್ತದೆ.

ಚೀಟಿ ಯಾವಾಗ ಕೊಡಬೇಕು ಎಂಬುದೂ ನನಗೆ ಇದೇ ಪ್ರಶ್ನೆಯ ಭಾಗ. ಬರಹ ಮೆಮೊರಿಯಲ್ಲಿ ನಿಜವಾಗಿ ಕುಳಿತಿತು ಎಂದು ಖಾತ್ರಿಯಾದ ಮೇಲೆ ಮುದ್ರಿಸಿದರೆ ಪ್ರತಿಯೊಬ್ಬರಿಗೂ ಸ್ವಲ್ಪ ತಡ. ಮೊದಲೇ ಮುದ್ರಿಸಿದರೆ ಸಾಲು ಬೇಗ ಕರಗುತ್ತದೆ, ಆದರೆ ಯಂತ್ರ ಇನ್ನೂ ಮಾಡದ ಕೆಲಸಕ್ಕೆ ರಸೀದಿ ಕೊಟ್ಟಂತಾಗುತ್ತದೆ. ಹಾಗೆ ಕೊಟ್ಟ ಚೀಟಿಯನ್ನು ಆಮೇಲೆ ಯಂತ್ರ ನಿರಾಕರಿಸಿದರೆ ಚೀಟಿಯೇ ಗೆಲ್ಲಬೇಕು ಎಂಬುದು ನನ್ನ ಪಕ್ಷ. ಜನ ಕಾಯುವುದಿಲ್ಲ ಎನ್ನುವವರಿಗೆ ಒಂದು ಲೆಕ್ಕ: ತಲೆಗೆ ಒಂದು ಸೆಕೆಂಡು ಹೆಚ್ಚಾದರೆ ನೂರು ಜನರ ಸಾಲಿಗೆ ಎರಡು ನಿಮಿಷವೂ ಆಗುವುದಿಲ್ಲ. ನಾಲ್ಕು ಲೀಟರ್ ಹೋದರೆ ಒಬ್ಬಳ ಹಸುವಿನ ಆ ಹೊತ್ತಿನ ಹಿಂಡಿ, ಬೂಸಾದ ದುಡ್ಡು ಹೋಯಿತು. ಆ ಎರಡು ನಿಮಿಷ ಬೇಕೋ ಬೇಡವೋ ಎಂದು ಸಾಲಿನಲ್ಲಿ ನಿಂತವರನ್ನು ಯಾರೂ ಕೇಳುವುದಿಲ್ಲ.